ಒಂಬತ್ತು ಅಡಿ

ಸರಸ್ವತಿ ಆ ಇಮೇಲನ್ನು ಊಟದ ಹೊತ್ತಿನಲ್ಲಿ ತೆರೆಯಬಾರದಿತ್ತು. ಸಂಜೆಯವರೆಗೆ ತಡೆದು ಪ್ಯಾರಮಟ್ಟಾ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ನೋಡಬಹುದಿತ್ತು, ಇಲ್ಲವೇ ನೋಡದೆಯೇ ಇದ್ದುಬಿಡಬಹುದಿತ್ತು. ಆದರೆ ಅವಳಿಗೆ ಅವತ್ತು ಹಸಿವಿಗಿಂತ ಹೆಮ್ಮೆ ಜಾಸ್ತಿ ಇತ್ತು. ರೊಟ್ಟಿ ಡಬ್ಬಿಯ ಮುಚ್ಚಳವನ್ನು ಅರ್ಧ ತೆಗೆದವಳು ಹಾಗೇ ಬಿಟ್ಟು, ಬೆರಳು ಒರೆಸಿಕೊಂಡು ಫೋನು ಒತ್ತಿದಳು. ಮೆಲ್ಬರ್ನಿನ ಆಚೆ ವೆರಿಬೀ ಕಡೆಯ ಒಂದು ಹಳೆಯ ಸ್ಮಶಾನದ ದಾಖಲೆ ನೋಡಿಕೊಳ್ಳುವವರು, ಅವಳು ಕೇಳಿಕೊಂಡಂತೆಯೇ, ರಿಜಿಸ್ಟರಿನ ಪೂರ್ತಿ ಪುಟವನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕಳಿಸಿದ್ದರು. ಅದಕ್ಕೊಂದು ಫ್ರೇಮ್ ಹಾಕಿಸಿ ಶನಿವಾರ ಡೊರೀನ್ ಕೈಗೆ ಕೊಡಬೇಕು ಎಂಬ ಶೋಕಿ ಅವಳದೇ. ಇಷ್ಟು ದಿನ ಸರಸ್ವತಿಯ ಬಳಿ ಇದ್ದದ್ದು ಡೊರೀನ್ ತನ್ನ ಮುತ್ತಜ್ಜನದೆಂದು ಕಳಿಸಿದ್ದ ಒಂದೇ ಸಾಲಿನ ಝೆರಾಕ್ಸು: ಲಿಂಗಪ್, ಮೈಸೂರಿನವನು, ಸುಮಾರು ಐವತ್ತು ವರ್ಷ, ಕುದುರೆ ಲಾಯದ ಆಳು, ಗುಂಡಿ ಒಂಬತ್ತು ಅಡಿ. ಈಗ ಆ ಸಾಲಿನ ಕೆಳಗೆ ಇನ್ನೂ ಮೂರು ಸಾಲುಗಳಿದ್ದವು, ಮೂರಕ್ಕೂ ಅದೇ ಗುಂಡಿಯ ನಂಬರು. ಹೆಸರಿಡದ ಒಂದು ಹೆಣ್ಣು ಕೂಸು, ಏಳು ಅಡಿ. ನದಿಯಲ್ಲಿ ಸಿಕ್ಕ ಗುರುತಿಲ್ಲದ ಗಂಡಸು, ಆರು ಅಡಿ. ಮೇರಿ ಎಂಬ ಅಡುಗೆಯವಳು, ನಾಲ್ಕು ಅಡಿ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು, ದಿಕ್ಕಿಲ್ಲದವರ ಗುಂಡಿ ಅಂತ. ಒಂಬತ್ತು ಅಡಿ ಆಳ ತೋಡಿದ್ದು ಲಿಂಗಪ್‌ನ ಮರ್ಯಾದೆಗಲ್ಲ, ಅವನ ಮೇಲೆ ಇನ್ನೂ ಮೂವರನ್ನು ಇಳಿಸುವುದಿತ್ತು, ಅದಕ್ಕೆ.

"ಯಾಕ್ರೀ ಸಾರಾ, ಊಟ ಮಾಡಲ್ವಾ?" ಎಂದಳು ಪಕ್ಕದ ಮೇಜಿನ ಆರತಿ. ಆಫೀಸಿನಲ್ಲಿ ಎಲ್ಲರಿಗೂ ಸರಸ್ವತಿ ಸಾರಾನೇ, ಬೆಂಗಳೂರಿನ ಆರತಿಗೂ. "ಅಸಿಡಿಟಿ" ಎಂದು ಸರಸ್ವತಿ ಡಬ್ಬಿ ಮುಚ್ಚಿದಳು. ವಿದ್ಯುತ್ ಕಂಪನಿಯೊಂದರ ಕಾಲ್ ಸೆಂಟರ್ ಅದು. ಹೋದ ವರ್ಷ ಇದೇ ಕುರ್ಚಿಯಲ್ಲಿ ಕೂತಿದ್ದಾಗ ಡೊರೀನ್ ಫೋನು ಬಂದದ್ದು. ಎಂಬತ್ತು ವರ್ಷದ ಮುದುಕಿ. ಗಂಡ ತೀರಿಕೊಂಡಿದ್ದಾನೆ, ಕನೆಕ್ಷನ್ನನ್ನು ನನ್ನ ತವರಿನ ಹೆಸರಿಗೆ ಮಾಡಿಕೊಡು, ಎಂದು ಅಕ್ಷರ ಅಕ್ಷರ ಬಿಡಿಸಿ ಹೇಳಿದಳು. ಎಲ್, ಐ, ಎನ್, ಜಿ, ಯು, ಪಿ. ಸರಸ್ವತಿಯ ಬೆರಳು ಟೈಪು ಮಾಡುತ್ತಿದ್ದ ಹಾಗೆ ಬಾಯಿ ತನ್ನ ಪಾಡಿಗೆ ತಾನು "ಲಿಂಗಪ್ಪ!" ಅಂದುಬಿಟ್ಟಿತು. ತರಬೇತಿಗಾಗಿ ಕರೆ ರೆಕಾರ್ಡ್ ಆಗುತ್ತಿದೆ ಎಂಬ ನೆನಪಾಗಿ ಸರಸ್ವತಿಗೆ ಬೆವರು ಬಂತು. ಆಮೇಲೆ ಮುದುಕಿ, ಇನ್ನೊಮ್ಮೆ ಹೇಳು, ಎಂದಳು. ಅವರ ಮನೆಯಲ್ಲಿ ನೂರೈವತ್ತು ವರ್ಷ ಅದನ್ನು, ಮೈಸೂರಿನಿಂದ ಬಂದವನು ಇಲ್ಲಿ ಇಟ್ಟುಕೊಂಡ, ಪಶ್ಚಿಮ ಆಸ್ಟ್ರೇಲಿಯಾದ ಯಾವುದೋ ಊರಿನ ಹೆಸರೆಂದು ತಿಳಿದಿದ್ದರಂತೆ. ಆ ಕಡೆ ಊರುಗಳೆಲ್ಲ ಅಪ್, ಅಪ್ ಎಂದೇ ಮುಗಿಯುತ್ತವಲ್ಲ. ಡೊರೀನ್ ಇಪ್ಪತ್ತೈದು ವರ್ಷ ಆ ಊರನ್ನು ನಕಾಶೆಯಲ್ಲಿ ಹುಡುಕಿದ್ದಳು. ಸಿಗಲು ಅದು ಊರಾಗಿದ್ದರೆ ತಾನೇ, ಅವಳ ಮುತ್ತಜ್ಜನ ಹೆಸರಿನ ಕೊನೆಯ ಅಪ್ಪ ಅದು.

ಆಮೇಲೆ ಪ್ರತಿ ಭಾನುವಾರ ಮನೆಯಿಂದಲೇ ಇಬ್ಬರ ಫೋನಿನ ಮಾತು ಶುರುವಾಯಿತು. ಡೊರೀನ್‌ಗೆ ಸಿಕ್ಕಿದ್ದ ಕಾಗದಗಳು ನಾಲ್ಕೋ ಐದೋ. ಮದರಾಸಿನಿಂದ ಬಂದ ಹಡಗಿನ ಪಟ್ಟಿಯಲ್ಲಿ ಕುದುರೆ ವ್ಯಾಪಾರಿಯೊಬ್ಬನ ಹೆಸರಿನ ಕೆಳಗೆ 'ನೇಟಿವ್ ಆಳು, ಒಬ್ಬ' ಎಂದಷ್ಟೇ ಇತ್ತು. ಆಮೇಲೆ ಹನ್ನೊಂದು ವರ್ಷ ಏನೂ ಇಲ್ಲ. ಒಂದು ಐರಿಷ್ ಹೆಣ್ಣಿನ ಜೊತೆ ಮದುವೆ, ಸಹಿಯ ಜಾಗದಲ್ಲಿ ಕಾಟು ಗುರುತು. ಒಂದು ಮಗುವಿನ ನಾಮಕರಣ. ಕೊನೆಗೆ ಆ ಒಂಬತ್ತು ಅಡಿಯ ಸಾಲು. ಅವನನ್ನು ನಾಯಿ ಹೂತ ಹಾಗೆ ಹೂತರಂತೆ ಎಂದು ಡೊರೀನಳ ಅವ್ವ ಸಾಯುವವರೆಗೂ ಹೇಳುತ್ತಿದ್ದಳಂತೆ. ಅದನ್ನು ಕೇಳಿದ ಸರಸ್ವತಿಗೆ ತಡೆಯಲಾಗಲಿಲ್ಲ. ಇಲ್ಲ ಡೊರೀನ್, ನಾಯಿಯ ಹಾಗಲ್ಲ, ಎಂದು ಶುರು ಮಾಡಿದಳು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಎಡ ಅಂಗೈಯಲ್ಲಿ ಅವರ ಲಿಂಗ ಇಟ್ಟು, ಸುತ್ತ ವಿಭೂತಿ, ಪತ್ರಿ ತುಂಬುತ್ತೇವೆ. ಗುಂಡಿಯನ್ನು ಪಾದದಿಂದ ಅಳೆದು ತೋಡುತ್ತೇವೆ, ನಮ್ಮೂರಲ್ಲಿ ಒಂಬತ್ತು ಪಾದ. ಪಾದ ಎಂದರೆ ನಿಮ್ಮ ಫೂಟು. ನಿಮ್ಮ ಅಜ್ಜನಿಗೆ ಯಾರೋ ಗೊತ್ತಿದ್ದವರು ನಿಂತು ಸರಿಯಾಗಿ ಮಾಡಿಸಿದ್ದಾರೆ. ಹೀಗೆ ಹೇಳುವಾಗಲೇ ಅವಳಿಗೆ ಗೊತ್ತಿತ್ತು, ಊರಿನ ಒಂಬತ್ತು ಪಾದ ಉದ್ದದ ಲೆಕ್ಕ, ಆಳದ್ದಲ್ಲ. ಮನುಷ್ಯನ ಪಾದ ಸರ್ಕಾರಿ ಅಡಿಗಿಂತ ಚಿಕ್ಕದು. ಗೊತ್ತಿದ್ದೂ ಹೇಳಿದಳು. ಹಾಗಾದರೆ ಅವನಿಗೊಬ್ಬ ಗೆಳೆಯನಿದ್ದ ಅಂತೀಯಾ, ಎಂದಳು ಡೊರೀನ್. ಇದ್ದ, ಎಂದಳು ಸರಸ್ವತಿ, ತಾನೇ ಕಣ್ಣಾರೆ ನೋಡಿ ಬಂದವಳ ಹಾಗೆ. ಅದೇ ಉಸಿರಿನಲ್ಲಿ ತನ್ನ ಅಪ್ಪನ ವಿಷಯ ಹೇಳಿ ಅತ್ತುಬಿಟ್ಟಳು. ಅಷ್ಟು ದಿನ ಯಾರಿಗೂ ಹೇಳದೆ ಇದ್ದದ್ದು, ಮುಖವನ್ನೇ ನೋಡಿರದ ಮುದುಕಿಯ ಮುಂದೆ.

ಅಪ್ಪ, ಗದಗಿನ ಶಿವಬಸಪ್ಪ ಮಾಸ್ತರು, ಅವ್ವನನ್ನು ಊರಲ್ಲಿ ಅಣ್ಣನ ಬಳಿ ಬಿಟ್ಟು, ಮೂರು ತಿಂಗಳು ಮಗಳ ಮನೆಯಲ್ಲಿದ್ದು ಹೋಗಲು ಬಂದವರು. ವಿಮಾನಗಳು ನಿಂತು ಒಂದೂವರೆ ವರ್ಷ ಇಲ್ಲೇ ಉಳಿದರು. ಲಾಕ್‌ಡೌನಿನ ಆಗಸ್ಟಿನಲ್ಲಿ ಆಸ್ಪತ್ರೆ ಸೇರಿದರು. ಗಂಟಲಿಗೆ ನಳಿಕೆ ಹಾಕುವ ಮುಂಚೆ ನರ್ಸು ಹಿಡಿದ ಫೋನಿನಲ್ಲಿ ಮೇಲುಸಿರು ಬಿಡುತ್ತ ಹೇಳಿದ್ದರು, "ಸರೂ, ಏನರ ಆತಂದ್ರ ನನ್ನ ಕೂಡ್ಸ್ರವಾ. ಮಲಗಸಬ್ಯಾಡ್ರಿ." ಅದಕ್ಕವಳು, "ಹುಚ್ಚರಂಗ ಮಾತಾಡಬ್ಯಾಡಪಾ, ನಿನಗೇನೂ ಆಗಂಗಿಲ್ಲ" ಎಂದು ಗದರಿದ್ದಳು. ಅವರು ತೀರಿಕೊಂಡ ಶುಕ್ರವಾರ ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಅಂತ್ಯಕ್ರಿಯೆಯವನು ಮಾಸ್ಕು ಹಾಕಿಕೊಂಡು, ಕೈಯಲ್ಲಿ ಐಪ್ಯಾಡ್ ಹಿಡಿದು ಬಂದಿದ್ದ. ಒಳ್ಳೆಯ ಮನುಷ್ಯ, ದನಿ ತಗ್ಗಿಸಿಯೇ ಕೇಳಿದ, ಹಿಂದೂನಾ, ಅಂತ. ಗಂಡ ಸಂಕೇತ, ಯೆಸ್, ಎಂದ. ಹಾಗಾದರೆ ಕ್ರಿಮೇಶನ್, ಎಂದು ಅವನು ಗುರುತು ಹಾಕಿದ. ಸಂಕೇತನ ಮೈಸೂರಿನ ಮನೆಯಲ್ಲಿ ಸುಡುವುದೇ ಪದ್ಧತಿ, ಅವನಿಗೆ ಅದು ಹೊಳೆಯಲೂ ಇಲ್ಲ. ಸರಸ್ವತಿ ಮಾಸ್ಕಿನ ಒಳಗೆ ಬಾಯಿ ತೆರೆದಳು. ಇಂಗ್ಲಿಷಿನಲ್ಲಿ ಸಿಟ್ಟಿಂಗ್ ಎನ್ನಬೇಕಿತ್ತು. ನಾವು ಹೆಣವನ್ನು ಕೂರಿಸುತ್ತೇವೆ ಎನ್ನಬೇಕಿತ್ತು. ಅದನ್ನು ಕೇಳಿದಾಗ ಆ ಮಾಸ್ಕಿನ ಮೇಲಿನ ಎರಡು ಹುಬ್ಬು ಹೇಗೆ ಮೇಲೇರುತ್ತವೆ ಎಂದು ಮೊದಲೇ ಕಂಡಂತಾಗಿ ಅವಳಿಗೆ ನಾಚಿಕೆಯಾಯಿತು. ಅಪ್ಪ ಸತ್ತ ದಿನ, ಅಪ್ಪನ ಹೆಣ ಒಳಗಿರುವಾಗ, ಅವಳಿಗೆ ನಾಚಿಕೆಯಾಯಿತು. ಐಪ್ಯಾಡಿನ ಮೇಲೆ ಬೆರಳಿನಿಂದಲೇ ಸಹಿ ಮಾಡಿದಳು. ಬೂದಿಯನ್ನು ಆಮೇಲೆ ಸಂಕೇತನೇ ಸಮುದ್ರಕ್ಕೆ ಬಿಟ್ಟು ಬಂದ. ಅಪ್ಪನ ಇಷ್ಟಲಿಂಗವನ್ನು ಮಾತ್ರ ಆಸ್ಪತ್ರೆಯವರು ಗಡಿಯಾರ, ಹಲ್ಲಿನ ಸೆಟ್ಟಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಸುಟ್ಟ ದಿನ ಸಂಜೆ ಗದಗಿನಿಂದ ಅಣ್ಣ ಪ್ರಮೋದನ ಫೋನು. "ಮಣ್ಣಾತೇನ?" "ಆತಣ್ಣಾ." "ಕೂಡ್ಸಿದ್ರ್ಯಾ?" "ಹೂಂ." "ಲಿಂಗ?" "ಕೈಯಾಗ ಇಟ್ವಿ." ಲಿಂಗ ಆಗ ಅಡುಗೆಮನೆಯ ಡ್ರಾಯರಿನಲ್ಲಿ ಸ್ಪೂನುಗಳ ಪಕ್ಕ ಇತ್ತು.

ಇಮೇಲು ನೋಡಿದ ದಿನ ಸಂಜೆ ಸರಸ್ವತಿ ಹ್ಯಾರಿಸ್ ಪಾರ್ಕಿನ ಅಂಗಡಿಯಲ್ಲಿ ವಿಭೂತಿ ಕೊಂಡಳು. ಕೊಳ್ಳುವುದೆಂದು ಬೆಳಗ್ಗೆಯೇ ನಿಶ್ಚಯಿಸಿದ್ದಳು, ಈಗ ಯಾತಕ್ಕೆ ಎಂದು ಗೊತ್ತಾಗದೆಯೂ ಕೊಂಡಳು. ಪತ್ರಿ ಇದೆಯಾ ಎಂದು ಹಿಂದಿಯಲ್ಲಿ ಕೇಳಿದ್ದಕ್ಕೆ ಅಂಗಡಿಯವನು ಕರಿಬೇವು ತೋರಿಸಿದ. ಅವಳ ಹಂಚಿಕೆ ಸರಳವಾಗಿತ್ತು, ಒಂದು ವರ್ಷದಿಂದ ಅದನ್ನು ನೆನೆದೇ ರಾತ್ರಿ ನಿದ್ದೆ ಬರುತ್ತಿತ್ತು. ಶನಿವಾರ ಡೊರೀನ್ ಅಜ್ಜನ ಗುಂಡಿಗೆ ಕಲ್ಲು ನಿಲ್ಲಿಸುತ್ತಾಳೆ. ಆಗ ಬುಡದ ಮಣ್ಣನ್ನು ಕೈಯಿಂದ ಸ್ವಲ್ಪ ಕೆದಕಿ, ಅಪ್ಪನ ಲಿಂಗವನ್ನು ಅಲ್ಲಿ ಇಡುವುದು. ಈ ದೇಶದಲ್ಲಿ ಪದ್ಧತಿ ಪ್ರಕಾರ ಕೂತ ಒಬ್ಬನಾದರೂ ಇದ್ದಾನೆ, ಅಪ್ಪನದು ಅವನ ಬದಿಗಿರಲಿ. ಡೊರೀನ್ ಅದಕ್ಕೆ ಒಪ್ಪಿದ್ದಳು. ಈಗ ಆ ಒಬ್ಬನೂ ಕೂತಿಲ್ಲ, ಮೂವರ ಕೆಳಗೆ ಮಲಗಿದ್ದಾನೆ. ಊಟಕ್ಕೆ ಕೂತಾಗ ಸಂಕೇತನಿಗೆ ಹೇಳಿದಳು. ಅವನು ಅನ್ನ ಕಲಸುತ್ತ ಪೂರ್ತಿ ಕೇಳಿಸಿಕೊಂಡ. "ನಾನ್ ಅವತ್ತೇ ಹೇಳ್ದೆ. ಲಿಂಗಪ್ಪ ಅಂದ ತಕ್ಷಣ ಲಿಂಗಾಯತ ಆಗ್ಬಿಡ್ತಾನಾ? ಕುದುರೆ ಲಾಯದವನು ಬೇರೆ. ಯಾವ ಜಾತಿಯವನೋ ಏನೋ. ಅವನು ನಿಮ್ಮವನೇ ಯಾಕಾಗ್ಬೇಕು ನಿಂಗೆ?" ಅದೂ ನಿಜವೇ, ಜಾತಿ ಕೇಳದೆ ಪ್ರೀತಿಸಿ ಮದುವೆಯಾದವಳು ಸತ್ತವನಿಗೆ ಜಾತಿ ಅಂಟಿಸಿ ಕೂತಿದ್ದಳು. "ಅಪ್ಪಂದು ಆಗೋಯ್ತು ಕಣೇ. ಇನ್ನೂ ಎಷ್ಟು ವರ್ಷ ಅಂತ?" ಎಂದ. ಮೆತ್ತಗೇ ಎಂದ, ಆದರೂ ಅವಳಿಗೆ ಉರಿಯಿತು. "ನೀನು ಯೆಸ್ ಅಂದೆ." ಸಂಕೇತ ಕೈ ನಿಲ್ಲಿಸಿ ಅವಳನ್ನು ನೋಡಿದ. "ನೀನು ನೋ ಅನ್ಲಿಲ್ಲ ಸರೂ." ಒಳಗಿನ ಕೋಣೆಯಿಂದ ಮಗಳು ಆದ್ಯಾ, ಈಸ್ ಎವ್ರಿಥಿಂಗ್ ಓಕೆ, ಎಂದು ಕೇಳಿದಳು. ಓಕೆ, ಎಂದರು ಇಬ್ಬರೂ ಒಟ್ಟಿಗೆ.

ಶುಕ್ರವಾರ ಮೂರು ಸಲ ಡೊರೀನ್ ನಂಬರು ತೆಗೆದು ಮೂರು ಸಲವೂ ಇಟ್ಟಳು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಫೋನಿನಲ್ಲೇ ಅಲ್ಲವೇನೇ ಕಟ್ಟಿ ಹೇಳಿದ್ದು, ಎಂದು ಒಳಗಿನಿಂದ ಯಾರೋ ಮೂದಲಿಸಿದರು, ಮಾಸ್ತರರ ದನಿಯಲ್ಲೇ. ಶನಿವಾರ ಮೆಲ್ಬರ್ನಿಗೆ ಬೆಳಗಿನ ವಿಮಾನ, ಅಲ್ಲಿಂದ ಬಸ್ಸು, ಆಮೇಲೆ ವೆರಿಬೀ ಟ್ರೇನು. ಎದುರು ಸೀಟಿನಲ್ಲಿ ಇಬ್ಬರು ಹುಡುಗರು ರೆಂಟಿನ ಬಗ್ಗೆ ಕನ್ನಡದಲ್ಲಿ ಗೊಣಗುತ್ತಿದ್ದರು. "ಕಳ್ಳರು ಮಗಾ ಇವ್ರು, ಸುಳ್ಳು ಹೇಳೋಕೂ ಲಿಮಿಟ್ ಇರ್ಬೇಕು." ಯಾವನೋ ಏಜೆಂಟನನ್ನು ಬೈಯುತ್ತಿದ್ದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಇವಳು ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಚೀಲದಲ್ಲಿ ಲಿಂಗವಿತ್ತು, ವಿಭೂತಿ ಇತ್ತು. ಫ್ರೇಮು ಹಾಕಿಸದ ಪುಟ ನಾಲ್ಕು ಮಡಿಕೆಯಾಗಿ ಕೂತಿತ್ತು. ಹೇಳದಿದ್ದರೆ ಏನಾಗುತ್ತದೆ ಎಂದು ಯೋಚಿಸಿದಳು. ಏನೂ ಆಗುವುದಿಲ್ಲ. ಮುದುಕಿ ಸಂತೋಷವಾಗಿ ಸಾಯುತ್ತಾಳೆ, ಲಿಂಗ ಮಣ್ಣು ಸೇರುತ್ತದೆ. ಈ ಮೂರು ವರ್ಷದಲ್ಲಿ ಅಣ್ಣನಿಗೂ ಏನೂ ಆಗಿಲ್ಲವಲ್ಲ. ಹೀಗೆ ಯೋಚಿಸಿದ್ದಕ್ಕೇ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಡೊರೀನ್ ಸ್ಟೇಷನ್ನಿಗೆ ತಾನೇ ಕಾರು ಓಡಿಸಿಕೊಂಡು ಬಂದಿದ್ದಳು. ಕುಳ್ಳಗಿನ ಹೆಂಗಸು, ಕೆಂಪು ಸ್ವೆಟರು, ಕೈತುಂಬ ಮಚ್ಚೆ. ಸರಸ್ವತಿಯನ್ನು ಅಪ್ಪಿಕೊಂಡು, ನೀನು ಫೋನಿಗಿಂತ ಸಣ್ಣಗಿದ್ದೀಯ, ಎಂದು ನಕ್ಕಳು. ದಾರಿಯುದ್ದಕ್ಕೂ ಕಲ್ಲಿನವನು ಎಷ್ಟು ಸತಾಯಿಸಿದ ಎಂದು ಹೇಳಿದಳು. ಸ್ಮಶಾನ ಬಯಲಿನಲ್ಲಿತ್ತು, ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಹಿಂದಿನ ದಿನದ ಮಳೆಗೆ ನೆಲ ಇನ್ನೂ ಒದ್ದೆ. ಸರಸ್ವತಿ ಕಾಗದದ ಮೇಲೆ ಬರೆದು ಕಳಿಸಿದ್ದ ಕನ್ನಡ ಅಕ್ಷರಗಳನ್ನು ಕಲ್ಲಿನವನು ಚಂದವಾಗಿಯೇ ಕೆತ್ತಿದ್ದ. ಆದರೆ ಪ ಅಕ್ಷರದ ಕೆಳಗಿನ ಒತ್ತು ಅವನಿಗೆ ಪೆನ್ನಿನ ಚುಕ್ಕೆಯೆಂದು ಕಂಡಿರಬೇಕು, ಬಿಟ್ಟಿದ್ದ. ಕಲ್ಲಿನ ಮೇಲೆ ಕನ್ನಡದಲ್ಲೂ ಅವನು ಲಿಂಗಪನೇ ಆಗಿದ್ದ. "ಸರಿ ಇದೆಯಾ?" ಎಂದಳು ಡೊರೀನ್, ಕಣ್ಣು ಅರಳಿಸಿ. "ಸರಿ ಇದೆ" ಎಂದಳು ಸರಸ್ವತಿ. ಥೂ, ಇದೂ ಒಂದು ಸುಳ್ಳು. ಇನ್ನು ಆಗದು ಎನ್ನಿಸಿ ಚೀಲದಿಂದ ಪುಟ ತೆಗೆದಳು. ಗಾಳಿಗೆ ಅದು ಕೈಯಲ್ಲಿ ಪಟಪಟ ಬಡಿಯಿತು. "ಡೊರೀನ್, ನಾನು ನಿಮಗೆ ಹೇಳಿದ್ದು ತಪ್ಪು. ಅವರನ್ನು ಯಾರೂ ಕೂರಿಸಲಿಲ್ಲ. ಗೆಳೆಯ ಗಿಳೆಯ ಯಾರೂ ಇರಲಿಲ್ಲ. ಈ ಗುಂಡಿಯಲ್ಲಿ ನಾಲ್ಕು ಜನ ಇದ್ದಾರೆ."

ಡೊರೀನ್ ಪುಟವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕಲ್ಲಿನ ಕೆಳಭಾಗವನ್ನು ತೋರಿಸಿದಳು. ಹೆಸರಿನ ಕೆಳಗೆ ಅರ್ಧಕ್ಕಿಂತ ಹೆಚ್ಚು ಕಲ್ಲು ಬರಿದಾಗಿತ್ತು. ಅದನ್ನು ಬಂದ ಕೂಡಲೇ ಸರಸ್ವತಿ ಗಮನಿಸಿ, ಇಷ್ಟು ಜಾಗ ಯಾಕೆ ವ್ಯರ್ಥ ಮಾಡಿದ್ದಾರೋ ಎಂದುಕೊಂಡಿದ್ದಳು. "ಅದು ಉಳಿದ ಮೂವರಿಗೆ" ಎಂದಳು ಡೊರೀನ್. "ಮೇರಿಯ ಕಡೆಯವರು ಸಿಕ್ಕಿದ್ದಾರೆ. ಕೂಸಿನದು, ಆ ಗಂಡಸಿನದು ಸಿಗುವುದಿಲ್ಲ, ಆದರೂ ಜಾಗ ಇರಲಿ ಅಂತ." ಸರಸ್ವತಿಗೆ ಮೊದಲು ಅರ್ಥವಾಗಲಿಲ್ಲ. ಮುದುಕಿ ಅವಳ ತೋಳು ಹಿಡಿದುಕೊಂಡಳು. "ಆ ಪುಟ ನನ್ನ ಹತ್ತಿರ ಇಪ್ಪತ್ತಾರು ವರ್ಷದಿಂದ ಇದೆ. ನಿನಗೆ ನಮ್ಮವನ ಸಾಲೊಂದನ್ನೇ ಕಳಿಸಿದ್ದೆ, ಉಳಿದದ್ದು ನಿನಗ್ಯಾಕೆ ಅಂತ. ಅವತ್ತು ನೀನು ಫೋನಿನಲ್ಲಿ ಒಂಬತ್ತು ಅಡಿ ಅಂತ ಎಷ್ಟು ಖುಷಿಯಾಗಿ ಹೇಳಿದೆ. ಅಲ್ಲ ಕಣೇ ಅನ್ನಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನಿಮ್ಮಪ್ಪನ ವಿಷಯ ಹೇಳಿ ಅಳೋಕೆ ಶುರು ಮಾಡಿದೆ. ನಾನು ಹೇಗೆ ಹೇಳಲಿ?"

ಸರಸ್ವತಿಗೆ ಕೃತಜ್ಞತೆ ಬರಲಿಲ್ಲ. ಬಂದದ್ದು ಸಿಟ್ಟು, ಕೆನ್ನೆ ಕಾಯುವಷ್ಟು ಅವಮಾನ. ಒಂದು ವರ್ಷ ಈ ಮುದುಕಿಗೆ ತಾನೇನೋ ಕೊಟ್ಟೆ ಎಂದು ಬೀಗಿದ್ದಳು, ಸಂಕೇತನ ಮುಂದೆ, ತನ್ನ ಮುಂದೆಯೇ. ಕೊಟ್ಟದ್ದು ಮುದುಕಿ, ತೆಗೆದುಕೊಂಡದ್ದು ತಾನು. ಪ್ರತಿ ಭಾನುವಾರ ಫೋನಿನಲ್ಲಿ, ಮತ್ತೆ ಹೇಳು ಹೇಗೆ ಕೂರಿಸುತ್ತೀರಿ ಅಂತ, ಎಂದು ಡೊರೀನ್ ಕೇಳುತ್ತಿದ್ದದ್ದು ತನ್ನ ಅಜ್ಜನಿಗಾಗಿ ಆಗಿರಲೇ ಇಲ್ಲ. ಅಷ್ಟು ಸಣ್ಣವಳಾಗಿ ಅವಳು ಎಂದೂ ನಿಂತಿರಲಿಲ್ಲ. ಸಿಟ್ಟು ಇಳಿದ ಮೇಲೆ ಉಳಿದದ್ದು ಬರೀ ದುಃಖ. ಅಪ್ಪಾ, ಅಪ್ಪಾ ಎಂದು ಬಾಯಿಬಿಟ್ಟು ಅತ್ತಳು. ಡೊರೀನ್ ತಡೆಯಲಿಲ್ಲ, ಕರ್ಚೀಫನ್ನೂ ಕೊಡಲಿಲ್ಲ, ಗಾಳಿಗೆ ಬೆನ್ನು ಮಾಡಿ ಪಕ್ಕದಲ್ಲೇ ನಿಂತಳು. ಸ್ವಲ್ಪ ಹೊತ್ತಾದ ಮೇಲೆ, "ತಂದಿದ್ದೀಯಲ್ಲ ಅದನ್ನು, ಇಡುವುದಾದರೆ ಇಡು. ಕಾರಿನಲ್ಲಿ ಸಣ್ಣ ಸನಿಕೆ ಇದೆ" ಎಂದಳು. ಸರಸ್ವತಿ ಚೀಲದ ಮೇಲಿಂದಲೇ ಲಿಂಗವನ್ನು ಮುಟ್ಟಿ ನೋಡಿದಳು. ಇಲ್ಲಿ ನಾಲ್ಕು ಜನ ಇದ್ದಾರೆ, ಅವರಿಗೇ ಇಕ್ಕಟ್ಟು. "ಬೇಡ ಡೊರೀನ್" ಎಂದಳು. ಮುದುಕಿ ತಲೆಯಾಡಿಸಿ, ಫ್ಲಾಸ್ಕಿನಲ್ಲಿ ಚಹಾ ಇದೆ ತರುತ್ತೇನೆ, ಎಂದು ಕಾರಿನ ಕಡೆ ಹೋದಳು.

ಒಬ್ಬಳೇ ಉಳಿದಾಗ ಅವಳಿಗೆ ಮನಸ್ಸು ಖಾಲಿಯಾಗಿ, ಹಗುರವಾಗಿ ತೋರಿತು. ಈಗಲೇ, ಈ ಗಾಳಿಯಲ್ಲೇ, ಅಣ್ಣನಿಗೆ ಹೇಳಿಬಿಡಬೇಕು. ಸುಟ್ವಿ ಅಣ್ಣಾ. ಲಿಂಗ ನನ್ನ ಹತ್ತರ ಐತಿ. ಎರಡೇ ವಾಕ್ಯ. ಬೈದರೆ ಬೈಯಲಿ, ಇನ್ನು ಮುಖ ನೋಡುವುದಿಲ್ಲ ಎಂದರೆ ಎನ್ನಲಿ. ಗದಗಿನಲ್ಲಿ ಆಗ ಬೆಳಗಿನ ಒಂಬತ್ತು ಗಂಟೆ. ಮೂರನೇ ರಿಂಗಿಗೆ ಫೋನು ಎತ್ತಿದ್ದು ಅಣ್ಣನಲ್ಲ, ಅವ್ವ.

"ಯಾರು, ಸರೂ ಏನ? ಪ್ರಮೋದ ಜಳಕಕ್ಕ ಹೋಗ್ಯಾನ."

"ಅವ್ವಾ, ಒಂದ ಮಾತ ಹೇಳಬೇಕಿತ್ತು."

"ಎಲ್ಲದಿ ಯವ್ವಾ? ಗಾಳಿ ಸಪ್ಪಳ ಭಾಳ ಬರಾಕತ್ತೈತಿ."

ಸುಳ್ಳು ಹೇಳಬಾರದೆಂದು ಈಗಷ್ಟೇ ನಿಶ್ಚಯ ಮಾಡಿದವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಸ್ಮಶಾನದಾಗದೀನಿ."

ಅವ್ವನ ದನಿ ಸಣ್ಣಗಾಯಿತು, ಪಕ್ಕದವರಿಗೆ ಕೇಳಬಾರದು ಎಂಬಂತೆ. "ನಿಮ್ಮಪ್ಪನ ಹಂತ್ಯಾಕ ಹೋಗಿಯೇನ? ನನ್ನ ಬಂಗಾರಾ. ಮೂರ ವರ್ಷಾತು ಒಂದ ಮಾತ ಕೇಳಬೇಕ ಅನ್ಕೊಂತ. ಪ್ರಮೋದನ್ನ ಕೇಳಿದ್ರ ಹುಚ್ಚೀ ಅಂತಾನ. ಅಲ್ಲೆ ಮಣ್ಣ ಎಂಥಾದೈತೆವಾ? ಕೆಂಪೋ, ಕರೀದೋ?"

ಸರಸ್ವತಿ ಕೆಳಗೆ ನೋಡಿದಳು. ಮಳೆಗೆ ಹದವಾದ ಮಣ್ಣು ಚಪ್ಪಲಿಗೆ ದಪ್ಪಗೆ ಮೆತ್ತಿಕೊಂಡಿತ್ತು.

"ಕರೀದವ್ವಾ. ಎರಿ ಮಣ್ಣು. ನಮ್ಮ ಹೊಲದಾಗಿನಂಥಾದ್ದ."

"ಹಂಗಾರ ಛಲೋ ಆತು" ಎಂದಳು ಅವ್ವ. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಕೆಂಪ ಮಣ್ಣಾಗ ಅವರಿಗೆ ನಿದ್ದಿ ಹತ್ತತಿರಲಿಲ್ಲ. ಇವತ್ತ ನಾನೂ ಒಂದೀಟ ಕಣ್ಣ ಮುಚ್ಚತೀನಿ ನೋಡು." ಆಮೇಲೆ ನೆನಪಾಗಿ ಕೇಳಿದಳು, "ನೀ ಏನೋ ಹೇಳಬೇಕಿತ್ತ ಅಂದೆಲ್ಲಾ?"

ಕಾರಿನ ಕಡೆಯಿಂದ ಡೊರೀನ್ ಎರಡು ಲೋಟ ಹಿಡಿದು, ಚೆಲ್ಲದ ಹಾಗೆ ಮೆಲ್ಲಗೆ ಬರುತ್ತಿದ್ದಳು.

"ಇದನ್ನ ಹೇಳಬೇಕಿತ್ತವ್ವಾ" ಎಂದಳು ಸರಸ್ವತಿ.